ಗಿಡಮರಗಳು ಅರುಹುವ ನೆಲದ ಗುಣ

ನಿವೇಶನವನ್ನು ನೋಡಲು ಹೋದವರು ಅದರ ಉದ್ದಗಲವನ್ನು ಅಳೆಯುತ್ತಾರೆ, ದಾರಿಯನ್ನು ವಿಚಾರಿಸುತ್ತಾರೆ. ಅಲ್ಲಿ ಬೆಳೆದ ಗಿಡಗಂಟಿಗಳನ್ನು ಮಾತ್ರ ಕಡಿದೊಗೆಯತಕ್ಕ ಕಸವೆಂದೇ ಬಗೆಯುತ್ತಾರೆ. ಆದರೆ ನೆಲದೊಳಗಿನ ಸ್ಥಿತಿಯನ್ನು ಮೊದಲು ಅರುಹುವವು ಅವೇ.

ನಮ್ಮ ಪೂರ್ವಿಕರು ಇದನ್ನೊಂದು ಶಾಸ್ತ್ರವಾಗಿಯೇ ಬೆಳೆಸಿದರು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ‘ದಕಾರ್ಗಲ’ವೆಂಬ ಅಧ್ಯಾಯವಿದೆ. ‘ದಕ’ವೆಂದರೆ ನೀರು, ‘ಅರ್ಗಲ’ವೆಂದರೆ ಅಗುಳಿ. ನೇರಳೆ ಮರದಿಂದ ಉತ್ತರಕ್ಕೆ 3 ಮೊಳ ದೂರದಲ್ಲಿ, 2 ಪುರುಷ ಆಳದಲ್ಲಿ ಜಲನಾಡಿಯಿರುವುದೆಂದೂ, ಆ ಮರದ ಪೂರ್ವಕ್ಕೆ ಸಮೀಪದಲ್ಲಿ ಹುತ್ತವಿದ್ದರೆ ದಕ್ಷಿಣಕ್ಕೆ 3 ಮೊಳ ದೂರದಲ್ಲಿ ಅಷ್ಟೇ ಆಳಕ್ಕೆ ಸಿಹಿನೀರು ದೊರೆಯುವುದೆಂದೂ ಅಲ್ಲಿ ಹೇಳಿದೆ. ಪುರುಷವೆಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರ. ಅಂದರೆ 120 ಅಂಗುಲ, 5 ಮೊಳ. ಕನ್ನಡದಲ್ಲಿಯೂ ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಜಲಶೋಧನೆಯನ್ನು ನಿರೂಪಿಸಿದ್ದಾನೆ.

ಈ ಅಳತೆಗಳನ್ನು ಅಕ್ಷರಶಃ ನಂಬಿ ಬಾವಿ ತೋಡಬೇಕೆಂದು ನಾನು ಹೇಳುವುದಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವು ಕೆಳಗಿಳಿದಿರುವ ಈ ಕಾಲದಲ್ಲಿ ಹಳೆಯ ಮರವು ಹಳೆಯ ನೀರಿನ ಸಾಕ್ಷಿಯಷ್ಟೇ ಆಗಿರಬಹುದು. ಬನ್ನಿಯಂತಹ ಮರದ ಬೇರು ಬಹು ಆಳಕ್ಕಿಳಿಯುವುದರಿಂದ ಅದರ ಹಸಿರನ್ನು ಕಂಡು ನೀರು ಮೇಲೆಯೇ ಇದೆಯೆಂದು ಭ್ರಮಿಸಬಾರದು. ಶಾಸ್ತ್ರದ ತಿರುಳು ನೋಡುವ ಕ್ರಮದಲ್ಲಿದೆ.

ಮಳೆಗಾಲದಲ್ಲಿ ಎಲ್ಲವೂ ಹಸಿರೇ. ಆದುದರಿಂದ ಪರೀಕ್ಷೆಗೆ ಕಡುಬೇಸಿಗೆಯೇ ತಕ್ಕ ಕಾಲ. ಸುತ್ತಲೂ ಒಣಗಿರುವಾಗ ಒಂದೆಡೆ ಮಾತ್ರ ಹುಲ್ಲು ನಳನಳಿಸಿದರೆ ಅಲ್ಲಿ ತೇವವಿದೆ. ಜೊಂಡು ಬೆಳೆದಿದ್ದರೆ ನೀರು ನಿಲ್ಲುವ ತಗ್ಗು. ಹುಲ್ಲು ಸಹ ಹುಟ್ಟದೆ ಬಿಳಿಯ ಹೊರೆ ಕಟ್ಟಿದ್ದರೆ ಸವಳು ನೆಲ. ಇಳಿಜಾರಿನ ಮರಗಳೆಲ್ಲ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ಮಣ್ಣು ಮೆಲ್ಲಗೆ ಜಾರುತ್ತಿರಬಹುದೆಂಬ ಶಂಕೆ ಯುಕ್ತ.

ಒಂದೂರಿನಲ್ಲಿ ಜೊಂಡು ಬೆಳೆದ ತಗ್ಗಿಗೆ ಮಣ್ಣು ತುಂಬಿ ಶಾಲೆಯ ಕೊಠಡಿಗಳನ್ನು ಕಟ್ಟಿದುದನ್ನು ಕಂಡಿದ್ದೇನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಗಳು ಬಿರಿದವು; ಮಕ್ಕಳು ಮರದಡಿಯಲ್ಲಿ ಕುಳಿತು ಓದಬೇಕಾಯಿತು. ದಾನಿಗಳು ಬೆವರು ಸುರಿಸಿ ಗಳಿಸಿದ ಹಣ ಕೆಸರಿನ ಪಾಲಾಯಿತು. ಜೊಂಡು ಮುನ್ನವೇ ಸಾಕ್ಷಿ ನುಡಿದಿತ್ತು, ಕೇಳುವವರಿರಲಿಲ್ಲ.

ಆದುದರಿಂದ ಭೂಮಿಯನ್ನು ಕೊಡುವವರೂ ಕೊಳ್ಳುವವರೂ ಗಿಡಗಳನ್ನು ಕಡಿಸುವ ಮುನ್ನ ಒಮ್ಮೆ ಸುತ್ತಿ ನೋಡಲಿ; ಶಂಕೆ ಬಂದೆಡೆ ಪರೀಕ್ಷಾಗುಂಡಿ ತೋಡಿಸಿ, ಬಲ್ಲ ಇಂಜಿನಿಯರರನ್ನು ಕೇಳಲಿ. ಉಪಾಧ್ಯಾಯರು ಮಕ್ಕಳನ್ನು ಬಯಲಿಗೆ ಕರೆದೊಯ್ದು ಈ ಪಾಠವನ್ನು ನೆಲದ ಮೇಲೆಯೇ ಹೇಳಲಿ. ಗಿಡವು ಕೊಡುವುದು ಸೂಚನೆ. ನಿರ್ಣಯ ಮಾಡುವುದು ಗುದ್ದಲಿ.