ಹಾಲಿನ ಜೊತೆ ಉಸಿರನ್ನೂ ಎಣಿಸಿ

ನಮ್ಮ ಕೊಟ್ಟಿಗೆಯಲ್ಲಿ ಒಂದೇ ಸಂತಾನದ ಮೂರು ತಲೆಮಾರಿನ ಆಕಳುಗಳಿದ್ದವು. ಅಪ್ಪ ಕೊಂಡು ತಂದ ದೇಸಿ ದೇವಣಿ ಆಕಳಿಗೆ ಎಚ್‌ಎಫ್ ಎಂಬ ವಿದೇಶಿ ತಳಿಯ ಹೋರಿಯಿಂದ ಹುಟ್ಟಿದವಳು ಗೌರಿ. ಅವಳ ಮಗಳು ತುಂಗಾ, ತುಂಗಾಳ ಮಗಳು ರಾಣಿ. ಪ್ರತಿ ಸಲವೂ ಶುದ್ಧ ಎಚ್‌ಎಫ್ ವೀರ್ಯವೇ ಬೇಕೆಂದು ಹಟ ಹಿಡಿದು ಹಾಕಿಸಿದವನು ನಾನೇ. ಹೀಗಾಗಿ ವಿದೇಶಿ ರಕ್ತ ಗೌರಿಯಲ್ಲಿ ಅರ್ಧ, ತುಂಗಾಳಲ್ಲಿ ಮುಕ್ಕಾಲು, ರಾಣಿಯಲ್ಲಿ ಶೇ 87.5. ಗೌರಿ ದಿನಕ್ಕೆ ಹತ್ತು ಲೀಟರ್ ಕೊಟ್ಟರೆ ರಾಣಿ ಹದಿನೆಂಟು ಲೀಟರ್ ಕೊಡುತ್ತಿದ್ದಳು. ಡೇರಿಯ ಪಾಸ್‌ಬುಕ್ ನೋಡಿದಾಗೆಲ್ಲ ನಾನು ಹಿಡಿದ ದಾರಿ ಸರಿಯಾಗಿದೆ ಎಂದೇ ಅನ್ನಿಸುತ್ತಿತ್ತು.

ಅದು ಚಳಿಗಾಲದ ಲೆಕ್ಕವಾಗಿತ್ತು. ನಮ್ಮ ಲಿಂಗಸುಗೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮೇ ತಿಂಗಳ ಒಂದು ಮಧ್ಯಾಹ್ನ ಹೊಲದಿಂದ ಬಂದಾಗ ರಾಣಿ ಕತ್ತು ಮುಂದೆ ಚಾಚಿ, ನಾಲಗೆ ಹೊರಹಾಕಿ ತೇಕುತ್ತಿದ್ದಳು. ಜೊಲ್ಲು ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ತೊಟ್ಟಿಯ ತುಂಬ ನೀರಿತ್ತು. ಮೂತಿ ಇಟ್ಟವಳು ಹಾಗೇ ಹಿಂದಕ್ಕೆ ತೆಗೆದಳು. ಕೈ ಅದ್ದಿ ನೋಡಿದರೆ, ತಗಡಿನ ಮೇಲಿಟ್ಟ ಕಪ್ಪು ಟ್ಯಾಂಕಿನಿಂದ ಬಂದ ಆ ನೀರು ಮೈ ತೊಳೆಯುವ ಬಿಸಿನೀರಿನ ಹಾಗಿತ್ತು. ಸಂಜೆ ಡಾಕ್ಟರು ಬಂದು ನೋಡಿದಾಗ ಮೈಕಾವು 107 ಡಿಗ್ರಿ ಫ್ಯಾರನ್‌ಹೀಟ್. ಇರಬೇಕಾದದ್ದು ಸುಮಾರು 101.5. ಕೊಡಗಟ್ಟಲೆ ತಣ್ಣೀರು ಸುರಿದೆವು, ಸಲೈನ್ ಹಾಕಿದರು. ಬೆಳಕು ಹರಿಯುವ ಮೊದಲೇ ರಾಣಿ ಕಣ್ಣು ಮುಚ್ಚಿದಳು. ಅದೇ ತಗಡಿನ ಕೆಳಗೆ, ನಾಲ್ಕು ಮೊಳದ ಅಂತರದಲ್ಲಿ, ಗೌರಿ ಮೆಲುಕು ಹಾಕುತ್ತ ಮಲಗಿದ್ದಳು.

ಆ ನೋಟ ನನ್ನನ್ನು ಬಹಳ ದಿನ ಕಾಡಿತು. ಅಜ್ಜಿ ತಾಳಿದ ಬಿಸಿಲನ್ನು ಮೊಮ್ಮಗಳು ಏಕೆ ತಾಳಲಿಲ್ಲ? ನಿವೃತ್ತರಾಗಿ ನಮ್ಮೂರಲ್ಲೇ ಇರುವ ಪಶುವೈದ್ಯರೊಬ್ಬರ ಕಟ್ಟೆಗೆ ಹೋಗಿ ಕೂತೆ. "ಹಾಲಿನ ಲೆಕ್ಕ ದಿನಾ ಬರೀತಿ ತಮ್ಮಾ, ಅದರ ಉಸಿರು ಎಂದಾದ್ರೂ ಎಣಿಸೀ ಏನು?" ಎಂದರು.

ಅವರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ದೇಸಿ ದನದ ಕೂದಲು ಗಿಡ್ಡ, ನುಣುಪು. ಬೆವರಿನ ಗ್ರಂಥಿಗಳು ಹೆಚ್ಚು, ಗಾತ್ರದಲ್ಲಿ ದೊಡ್ಡವು, ಚರ್ಮದ ಮೇಲ್ಪದರಕ್ಕೆ ಹತ್ತಿರ. ಮೈಯೊಳಗೆ ಹುಟ್ಟುವ ಕಾವೂ ಕಡಿಮೆ. ಎಚ್‌ಎಫ್ ತಂಪು ಸೀಮೆಯ ದನ. 25 ಡಿಗ್ರಿ ದಾಟುತ್ತಲೇ ಅದಕ್ಕೆ ಕಷ್ಟ ಶುರು. ಮೇಲಾಗಿ ಹೆಚ್ಚು ಹಾಲೆಂದರೆ ಹೆಚ್ಚು ಮೇವು, ಹೆಚ್ಚು ಮೇವೆಂದರೆ ಹೊಟ್ಟೆಯೊಳಗೆ ಹೆಚ್ಚು ಕಾವು. ನಾನು ತಲೆಮಾರಿನಿಂದ ತಲೆಮಾರಿಗೆ ಒಳಗಿನ ಬೆಂಕಿಯನ್ನು ಹೆಚ್ಚಿಸುತ್ತ, ಅದು ಹೊರಹೋಗುವ ಬಾಗಿಲನ್ನು ಮುಚ್ಚುತ್ತ ಬಂದಿದ್ದೆ.

ಟೆಕ್ಸಾಸಿನ ಕಥೆಯನ್ನೂ ಅವರೇ ಹೇಳಿದರು. ಅಲ್ಲಿನ ಕಿಂಗ್ ರ‍್ಯಾಂಚ್‌ನವರು ಮಾಂಸಕ್ಕಾಗಿ ಸಾಕುತ್ತಿದ್ದ ಶಾರ್ಟ್‌ಹಾರ್ನ್ ದನಗಳು ಬ್ರಿಟನ್ ಮೂಲದವು. ಅಲ್ಲಿನ ಬಿಸಿಲಿಗೆ ಸೊರಗುತ್ತಿದ್ದವು. ಅವುಗಳ ಜೊತೆ ಬ್ರಾಹ್ಮನ್ ತಳಿ ಬೆರೆಸಿ ಸಾಂಟಾ ಗರ್ಟ್ರೂಡಿಸ್ ಎಂಬ ಹೊಸ ತಳಿ ಕಟ್ಟಿದರು. 1940ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಮನ್ನಣೆ ಸಿಕ್ಕಿತು. ಆ ಬ್ರಾಹ್ಮನ್ ಯಾವುದು? ಗಿರ್, ಕಾಂಕ್ರೇಜ್, ಓಂಗೋಲ್ ದನಗಳ ಜೊತೆ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಸೇರಿ ಅಮೆರಿಕದಲ್ಲಿ ರೂಪುಗೊಂಡ ತಳಿ. ನಮ್ಮ ಹೊಳೆಯ ದಂಡೆಯ ದನದ ಗುಣವನ್ನು ದೂರದವರು ಅರಿತಿದ್ದರು, ನಾನು ಅರಿತಿರಲಿಲ್ಲ.

ಕಿಂಗ್ ರ‍್ಯಾಂಚ್‌ನವರು ಕಲಿಸುವ ದೊಡ್ಡ ಪಾಠ ಬೇರೆ ಇದೆ. ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್ ಎಂಬಲ್ಲಿಗೆ ಅವರು ನಿಲ್ಲಿಸಿದರು. ಎಂಟರಲ್ಲಿ ಐದೆಂದರೆ ಶೇ 62.5. ನಮ್ಮಲ್ಲಿ ಹಾಲಿನ ಮಿಶ್ರತಳಿಗೂ ವಿದೇಶಿ ರಕ್ತ ಶೇ 50ರಿಂದ 62.5ರ ಒಳಗಿರಲಿ ಎಂದೇ ತಜ್ಞರು ಹೇಳುವುದು. ಎಲ್ಲಿ ನಿಲ್ಲಬೇಕೆಂಬುದು ನನಗೆ ತಿಳಿಯದೇ ಹೋಯಿತು.

ಮುಂದಿನ ಬೇಸಿಗೆಯೊಳಗೆ ಕೊಟ್ಟಿಗೆ ಬದಲಾಯಿತು. ತಗಡನ್ನು ಎಂಟು ಅಡಿಯಿಂದ ಹನ್ನೆರಡಕ್ಕೆ ಏರಿಸಿ ಮೇಲೆ ಸೊಪ್ಪೆ ಹೊದಿಸಿದೆ. ಟ್ಯಾಂಕನ್ನು ಬೇವಿನ ನೆರಳಿಗೆ ಇಳಿಸಿದೆ. ಹಿಂಡಿ, ಮೇವು ಬೆಳಗಿನ ಐದಕ್ಕೆ ಮತ್ತು ಹೊತ್ತು ಮುಳುಗಿದ ಮೇಲೆ ಮಾತ್ರ. ನಡುಹಗಲಲ್ಲಿ ತಿಂದರೆ ಅದರ ಕಾವು ಬಿಸಿಲಿನ ಕಾವಿಗೆ ಸೇರುತ್ತದೆ. ಮೊದಲೆಲ್ಲ ಗಾಳಿಯಾಡದ ಶೆಡ್ಡಿನಲ್ಲಿ ಬರೀ ನೀರು ಚಿಮುಕಿಸುತ್ತಿದ್ದೆ, ಅದರಿಂದ ಸೆಖೆಯೇ ಹೆಚ್ಚುತ್ತಿತ್ತು. ಈಗ ಮೈ ತೋಯಿಸಿ, ಫ್ಯಾನ್ ಹಚ್ಚಿ, ಆರಿದ ಮೇಲೆ ಮತ್ತೆ ತೋಯಿಸುತ್ತೇವೆ.

ತುಂಗಾಳಿಗೆ ಶೇ 50ರ ಮಿಶ್ರತಳಿ ಹೋರಿಯ ವೀರ್ಯ ಹಾಕಿಸಿದೆ. ಮುಕ್ಕಾಲು ಮತ್ತು ಅರ್ಧ ಕೂಡಿದರೆ ಕರುವಿನ ಪಾಲು ಸರಿಯಾಗಿ 62.5. ಹುಟ್ಟಿದವಳಿಗೆ ಕೃಷ್ಣೆ ಎಂದು ಹೆಸರಿಟ್ಟೆವು. ಅವಳು ಕೊಡುವುದು ಹದಿನಾಲ್ಕು ಲೀಟರ್, ರಾಣಿಗಿಂತ ನಾಲ್ಕು ಕಡಿಮೆ. ಆದರೆ ಮೇ ತಿಂಗಳಲ್ಲೂ ಹನ್ನೆರಡಕ್ಕಿಂತ ಇಳಿಯುವುದಿಲ್ಲ, ಬೇಸಿಗೆಯಲ್ಲೂ ಬೆದೆಗೆ ಬರುತ್ತಾಳೆ, ಗಬ್ಬ ನಿಲ್ಲುತ್ತದೆ. ವರ್ಷದ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು ಅವಳಿಂದಲೇ ಹೆಚ್ಚು.

ಮಿಶ್ರತಳಿ ಸಾಕುವ ರೈತ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಮಧ್ಯಾಹ್ನ ಎರಡು ಗಂಟೆಗೆ ಆಕಳ ಪಕ್ಕದಲ್ಲಿ ಒಂದು ನಿಮಿಷ ನಿಲ್ಲಿ. ಪಕ್ಕೆ ಉಬ್ಬಿ ಇಳಿದರೆ ಒಂದು ಉಸಿರು. ಮೂವತ್ತರ ಆಸುಪಾಸು ಇದ್ದರೆ ಅದು ನೆಮ್ಮದಿಯಾಗಿದೆ. ಅರವತ್ತು ದಾಟಿದರೆ ನೀರು, ನೆರಳು, ಗಾಳಿಗೆ ಆ ಕ್ಷಣವೇ ಓಡಾಡಿ. ಮತ್ತೆ, ವೀರ್ಯ ಹಾಕಿಸುವ ಮೊದಲು ನಿಮ್ಮ ಆಕಳಲ್ಲಿ ವಿದೇಶಿ ರಕ್ತ ಎಷ್ಟಿದೆ, ಹೋರಿಯಲ್ಲಿ ಎಷ್ಟಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.