ಪಟಸಂಖ್ಯೆ ಮತ್ತು ಮುಖ್ಯಾಧ್ಯಾಪಕರ ನೈತಿಕ ನಿರ್ಧಾರ

ಒಳ್ಳೆಯ ಉದ್ದೇಶಕ್ಕಾಗಿ ಸಣ್ಣದೊಂದು ಸುಳ್ಳನ್ನು ಒಪ್ಪಬಹುದೇ ಎಂಬ ಪ್ರಶ್ನೆ ಶಾಲೆಯ ಮುಖ್ಯಸ್ಥರಿಗೆ ಆಗಾಗ ಎದುರಾಗುತ್ತದೆ. ಪಟಸಂಖ್ಯೆಯ ವಿಷಯದಲ್ಲಿ ಅಂತಹ ನಿರ್ಧಾರವನ್ನು ಕೈಗೊಳ್ಳುವ ಕ್ರಮವನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

ಸನ್ನಿವೇಶ

ಜತ್ತ ತಾಲ್ಲೂಕಿನ ಒಂದು ಕನ್ನಡ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಒಂದರಿಂದ ಐದನೆಯ ತರಗತಿಯವರೆಗೆ ಪಟದಲ್ಲಿ 62 ಹೆಸರುಗಳಿವೆ. ಅವರಲ್ಲಿ ಮೂವರು ಮಕ್ಕಳ ಕುಟುಂಬಗಳು ವಿಜಯಪುರದಲ್ಲಿ ಕಾಯಂ ಆಗಿ ನೆಲೆಸಿವೆ. ಆ ಹೆಸರುಗಳನ್ನು ತೆಗೆದರೆ ಉಳಿಯುವುದು 59. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. “ಸರ್, ಸಂಚ ಮಾನ್ಯತೆ ಮುಗಿಯುವವರೆಗೆ ಹೆಸರುಗಳು ಇರಲಿ. ಕನ್ನಡ ಶಾಲೆ ಉಳಿಯಬೇಕಲ್ಲವೇ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ.

ವಿವೇಚನೆ

ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನಡೆಸುವ ಕಷ್ಟವೂ ನಿಜ. ಆದರೆ ಆ ಮೂರು ಹೆಸರುಗಳ ಹಿಂದೆ ಮೂವರು ಮಕ್ಕಳಿದ್ದಾರೆ. ವರ್ಗಾವಣೆ ಪತ್ರವನ್ನು ಕೂಡಲೇ ನೀಡುವುದು ಮುಖ್ಯಾಧ್ಯಾಪಕರ ಕರ್ತವ್ಯವೆಂದೂ ವಿಳಂಬ ಮಾಡಿದವರು ಶಿಸ್ತುಕ್ರಮಕ್ಕೆ ಒಳಗಾಗುವರೆಂದೂ ಕಾಯಿದೆಯ 5ನೆಯ ಪ್ರಕರಣ ವಿಧಿಸುತ್ತದೆ.

ಸುಳ್ಳು ಒಂದೇ ಕಡೆ ನಿಲ್ಲುವುದೂ ಇಲ್ಲ. ಪಟದಲ್ಲಿ ಉಳಿದ ಹೆಸರಿಗೆ ವರ್ಗಶಿಕ್ಷಕರು ದಿನವೂ ಹಾಜರಿ ತುಂಬಬೇಕಾಗುತ್ತದೆ. ಪೋಷಣ ಆಹಾರದ ಲೆಕ್ಕವೂ ಅದಕ್ಕೆ ಹೊಂದಬೇಕಾಗುತ್ತದೆ. 2011ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಾದ್ಯಂತ ಪಟಪಡತಾಳಣಿ ನಡೆದಾಗ ಇಂತಹ ಹೆಸರುಗಳು ಅನೇಕ ಶಾಲೆಗಳಲ್ಲಿ ಬಯಲಾದವು. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಅದರ ಸಂಖ್ಯೆಯೇ ಸಾಕ್ಷಿ. ಮೂರು ಹೆಸರುಗಳು ಸುಳ್ಳೆಂದು ತಿಳಿದರೆ ಉಳಿದ 59 ನಿಜವಾದ ಹೆಸರುಗಳನ್ನೂ ಅಧಿಕಾರಿಗಳು ಸಂಶಯದಿಂದಲೇ ನೋಡುವರು.

ನಿರ್ಧಾರದ ಕ್ರಮ

1. ಊರು ಬಿಟ್ಟವರನ್ನೂ ಹಂಗಾಮಿಗೆ ಹೋದವರನ್ನೂ ಬೇರ್ಪಡಿಸಬೇಕು. ಕಬ್ಬು ಕಡಿಯಲು ಹೋಗಿ ಮರಳುವ ಕುಟುಂಬದ ಮಗುವಿನ ಹೆಸರನ್ನು ಅವಸರದಿಂದ ತೆಗೆಯಬಾರದು. ಬಾರದ ದಿನಗಳಿಗೆ ಗೈರುಹಾಜರಿಯನ್ನೇ ನಮೂದಿಸಬೇಕು.

2. ಮನೆಮನೆಗೆ ಹೋಗಿ, ಆರು ವರ್ಷ ತುಂಬಿದರೂ ಶಾಲೆಗೆ ಸೇರದ ಮಕ್ಕಳನ್ನು ಹುಡುಕಬೇಕು. ವಯಸ್ಸು ಮೀರಿದವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು 4ನೆಯ ಪ್ರಕರಣದಲ್ಲಿ ಅವಕಾಶವಿದೆ. ಇಬ್ಬರು ದೊರೆತರೂ ಸಂಖ್ಯೆ 61 ಆಗುತ್ತದೆ.

3. ಹುದ್ದೆ ಕಳೆದುಕೊಳ್ಳಬಹುದಾದ ಶಿಕ್ಷಕರಿಗೆ ವಿಷಯವನ್ನು ಮುಖ್ಯಾಧ್ಯಾಪಕರೇ ಮೊದಲು, ನೇರವಾಗಿ ತಿಳಿಸಬೇಕು.

4. ನಿಜವಾದ ಅಂಕಿಗಳೊಡನೆ ಶಾಲಾ ವ್ಯವಸ್ಥಾಪನ ಸಮಿತಿಯ ಠರಾವು ಮಾಡಿಸಿ, ಐದು ತರಗತಿಗಳ ಅಗತ್ಯವನ್ನು ಗಟ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಬೇಕು.

ಇಷ್ಟೆಲ್ಲ ಮಾಡಿದರೂ ಸಂಖ್ಯೆ 59 ಆಗಿಯೇ ಉಳಿದು ಹುದ್ದೆ ಹೋಗಬಹುದು. ಆ ನಷ್ಟ ಸಣ್ಣದಲ್ಲ. ಆದರೂ ಮರುವರ್ಷ ಮಕ್ಕಳು ಹೆಚ್ಚಿ ಶಾಲೆ ಮತ್ತೆ ಶಿಕ್ಷಕರನ್ನು ಕೇಳುವಾಗ, ಅದರ ದಾಖಲೆಯನ್ನು ಪ್ರಶ್ನಿಸಲು ಯಾರಿಗೂ ಕಾರಣವಿರದು.

ಚರ್ಚೆಗೆ

ಅ) ಮೇಲಧಿಕಾರಿಯೇ ಹೆಸರು ಉಳಿಸಲು ಬಾಯಿಮಾತಿನಲ್ಲಿ ಸೂಚಿಸಿದರೆ ಮುಖ್ಯಾಧ್ಯಾಪಕರು ಏನು ಮಾಡಬೇಕು?
ಆ) ಹಂಗಾಮಿಗೆ ಹೋದ ಮಗು ನಿಗದಿತ ಕಾಲಕ್ಕೆ ಮರಳದಿದ್ದರೆ, ಹೆಸರು ತೆಗೆಯುವ ಮೊದಲು ಯಾರನ್ನು ವಿಚಾರಿಸಬೇಕು?