ತಣ್ಣಗಿರುವ ಎಂಜಿನ್‌ನ ದುಬಾರಿ ಲೆಕ್ಕ

ಎಂಜಿನ್ ತಣ್ಣಗಿದ್ದಷ್ಟೂ ಗಾಡಿಗೆ ಒಳ್ಳೆಯದು ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಆ ನಂಬಿಕೆಗೆ ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕಟ್ಟುತ್ತಿದ್ದಾರೆ.

ನಾನು ಕೊಂಡ ಹಳೇ ಕಾರು ಹುಣಸೂರಿನಿಂದ ಮೈಸೂರಿನವರೆಗೆ, ಅಂದರೆ ಸುಮಾರು 45 ಕಿ.ಮೀ. ಓಡಿದರೂ ಟೆಂಪರೇಚರ್ ಮುಳ್ಳು ತಳ ಬಿಟ್ಟು ಏಳುತ್ತಿರಲಿಲ್ಲ. ಲೀಟರಿಗೆ 18 ಕೊಡಬೇಕಾದ ಗಾಡಿ 16ರಲ್ಲೇ ನಿಂತಿತ್ತು. ಕೆ.ಆರ್. ನಗರದ ಮೆಕ್ಯಾನಿಕ್ ಒಬ್ಬರು ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೋರಿಸಿದರು. ಒಳಗೆ ಮಜ್ಜಿಗೆ ಬಣ್ಣದ ಜಿಡ್ಡು. ಆಮೇಲೆ ಥರ್ಮೋಸ್ಟ್ಯಾಟ್ ಹೌಸಿಂಗ್ ಬಿಚ್ಚಿದರೆ ವಾಲ್ವೇ ಇಲ್ಲ! "ಯಾರೋ ಕಿತ್ತಾಕವ್ರೆ ಸಾರ್, ನಮ್ ಬಿಸ್ಲಿಗೆ ಇದ್ಯಾಕೆ ಅಂತ" ಎಂದರು.

ಆ ಪುಟ್ಟ ವಾಲ್ವ್‌ನೊಳಗೆ ಮೇಣ ಇರುತ್ತದೆ. ನೀರಿನ ಶಾಖ 82ರಿಂದ 88 ಡಿಗ್ರಿ ಆಸುಪಾಸಿಗೆ ಬಂದಾಗ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ವಾಲ್ವ್ ಇಲ್ಲದಿದ್ದರೆ, ಅಥವಾ ತೆರೆದೇ ಸಿಕ್ಕಿಕೊಂಡರೆ, ಎಂಜಿನ್ ಹದಕ್ಕೆ ಬರುವುದೇ ಇಲ್ಲ. ಗಾಡಿ ಈಗಷ್ಟೇ ಸ್ಟಾರ್ಟ್ ಆಗಿದೆ ಎಂದುಕೊಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತದೆ. ಅದರಲ್ಲಿ ಒಂದಷ್ಟು ಆಯಿಲ್‌ಗೆ ಇಳಿಯುತ್ತದೆ, ತೇವ ಆರದೆ ಜಿಡ್ಡಾಗುತ್ತದೆ, ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 18ರ ಬದಲು 16 ಸಿಕ್ಕರೆ ಸುಮಾರು 7 ಲೀಟರ್ ಹೆಚ್ಚು ಬೇಕು. ಲೀಟರಿಗೆ 100 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 8,400 ರೂಪಾಯಿ. ನನಗೆ ಹೊಸ ವಾಲ್ವ್, ಕೂಲೆಂಟ್, ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ.

ವಾಲ್ವ್ ಮುಚ್ಚಿಕೊಂಡೇ ಕೂತರಂತೂ ಇನ್ನೂ ಕಷ್ಟ. ಎಚ್.ಡಿ. ಕೋಟೆಯಿಂದ ಬಾವಲಿ ಕಡೆಗೆ ಹೋಗುವ ಕಾಡುದಾರಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಮುಳ್ಳು ಮಾತ್ರ ಕೆಂಪಿನತ್ತ ಏರುತ್ತಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಅಲ್ಯೂಮಿನಿಯಂ ಹೆಡ್ ಬೆಂಡಾದರೆ ಬಿಲ್ಲು ಹತ್ತಾರು ಸಾವಿರ. ಫುಲ್ ಇನ್ಶೂರೆನ್ಸ್ ಇದೆಯಲ್ಲ ಎನ್ನಬೇಡಿ. ಅಪಘಾತವಿಲ್ಲದೆ ಬರುವ ಮೆಕ್ಯಾನಿಕಲ್ ರಿಪೇರಿಗೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಎಂದು ಹೆಚ್ಚುವರಿ ಕಟ್ಟಿಸಿಕೊಳ್ಳುವುದೂ ಮುಖ್ಯವಾಗಿ ಎಂಜಿನ್‌ಗೆ ನೀರು ನುಗ್ಗಿದಾಗ, ಆಯಿಲ್ ಸೋರಿ ಹಾಳಾದಾಗ ಸಿಗುವಂಥದ್ದು. ಪಾಲಿಸಿ ಕಾಗದ ತೆಗೆದು ಓದಿಕೊಳ್ಳಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದನ್ನೂ ಬಿಡಿ. ಅದರ ಸುಣ್ಣ ಕಟ್ಟಿಕೊಂಡು ವಾಲ್ವ್ ಹಿಡಿದುಕೊಳ್ಳುತ್ತದೆ.

ಪಿರಿಯಾಪಟ್ಟಣ, ಹುಣಸೂರಿನ ರೈತರು ತಂಬಾಕು ಹರಾಜಿನ ದುಡ್ಡು ಕೈಗೆ ಬಂದಾಗ ಹಳೇ ಕಾರು ನೋಡಲು ಹೋಗುತ್ತಾರೆ. ದಯವಿಟ್ಟು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಇಪ್ಪತ್ತು ನಿಮಿಷ ಓಡಿಸಿ. ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಲ್ಲಬೇಕು. ಮುಳ್ಳಿಲ್ಲದ ಗಾಡಿಯಾದರೆ ನೀಲಿ ದೀಪ ಆರಬೇಕು. ಹಾಗಾಗದಿದ್ದರೆ ವಾಲ್ವ್ ಹಾಕಿಸಿ ತೋರಿಸುವವರೆಗೆ ಅಡ್ವಾನ್ಸ್ ಕೊಡಬೇಡಿ.